ಸಗಟು ತಿದ್ದುಪಡಿ: ಒಂದು ಕ್ಲಿಕ್ಕಿಗೆ ಸಾವಿರ ಸಾಲು

ಪ್ರವೇಶ ದಾಖಲಾತಿ ಪುಸ್ತಕದಲ್ಲಿ ಒಬ್ಬ ವಿದ್ಯಾರ್ಥಿಯ ಹೆಸರು ತಿದ್ದಬೇಕಾದರೆ ಕಚೇರಿಯಲ್ಲಿ ಒಂದು ಕ್ರಮವಿದೆ. ಹಳೆಯ ಹೆಸರನ್ನು ಬ್ಲೇಡಿನಿಂದ ಕೆರೆಯುವಂತಿಲ್ಲ, ವೈಟ್ನರ್ ಬಳಿಯುವಂತಿಲ್ಲ. ಓದಲು ಬರುವ ಹಾಗೆ ಅದರ ಮೇಲೆ ಒಂದು ಗೆರೆ ಎಳೆದು, ಸರಿಯಾದ ಹೆಸರು ಬರೆದು, ಪಕ್ಕದಲ್ಲಿ ಸಹಿ ಮತ್ತು ದಿನಾಂಕ ಹಾಕಿಸಬೇಕು. ಹತ್ತು ವರ್ಷ ಕಳೆದು ಯಾರಾದರೂ ಪುಸ್ತಕ ತೆರೆದರೂ ಮೊದಲು ಏನಿತ್ತು, ಆಮೇಲೆ ಏನಾಯಿತು, ಯಾರು ಒಪ್ಪಿದರು ಎಂಬುದು ಕಾಣುತ್ತದೆ.

ಅದೇ ಹೆಸರು ಕಂಪ್ಯೂಟರಿನಲ್ಲಿದ್ದರೆ? ಒಂದು ಹೆಸರನ್ನಷ್ಟೇ ಅಲ್ಲ, ಸಾವಿರ ಹೆಸರುಗಳನ್ನು ಒಂದೇ ಸಲ ಬದಲಿಸಬಹುದು. ಎರಡು ಸೆಕೆಂಡು ಸಾಕು. ಗೆರೆಯೂ ಇಲ್ಲ, ಸಹಿಯೂ ಇಲ್ಲ, ಹಳೆಯ ಹೆಸರಿನ ಗುರುತೂ ಇಲ್ಲ. ಪುಸ್ತಕಕ್ಕಿದ್ದ ಎಚ್ಚರವನ್ನು ಪರದೆಗೆ ತರುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಈ ಕಾಲೇಜಿನಲ್ಲೇ ಪಿಸಿಎಂಸಿ ಓದಿ ಹೋದ ನಾನು ಈಗ ಬೆಂಗಳೂರಿನಲ್ಲಿ ಸಂಸ್ಥೆಗಳ ದತ್ತಾಂಶ ನಿರ್ವಹಿಸುವ ಸಾಫ್ಟ್‌ವೇರ್ ತಯಾರಿಸುವ ಕಂಪನಿಯೊಂದರಲ್ಲಿ ಡಿಸೈನರ್ ಆಗಿದ್ದೇನೆ. ಆಸ್ಪತ್ರೆ, ಕಾರ್ಖಾನೆ, ಶಿಕ್ಷಣ ಸಂಸ್ಥೆಗಳಲ್ಲಿ ಗುಮಾಸ್ತರು, ಲೆಕ್ಕಪತ್ರದವರು ದಿನವಿಡೀ ನೋಡುವ ಪರದೆಗಳನ್ನು ರೂಪಿಸುವುದು ನಮ್ಮ ಕೆಲಸ. ಕಳೆದ ಒಂದು ವರ್ಷದಿಂದ ನಮ್ಮ ತಂಡ ‘ಬಲ್ಕ್ ಎಡಿಟ್’ ಎಂಬ ಒಂದೇ ಸೌಲಭ್ಯವನ್ನು ಹೊಸದಾಗಿ ಕಟ್ಟುತ್ತಿದೆ. ಬಣ್ಣ ಬದಲಿಸುವ, ಬಟನ್ ಜೋಡಿಸುವ ಕೆಲಸ ಅಂದುಕೊಂಡು ಶುರು ಮಾಡಿದವರಿಗೆ ಅದು ಎಷ್ಟು ಆಳದ ವಿಷಯ ಎಂದು ಆಮೇಲೆ ಗೊತ್ತಾಯಿತು.

ಬಲ್ಕ್ ಎಡಿಟ್ ಎಂದರೆ

ಅಂಗಡಿಯಲ್ಲಿ ಚಿಲ್ಲರೆ ಮತ್ತು ಸಗಟು ಎಂಬ ಎರಡು ವ್ಯಾಪಾರಗಳಿವೆ. ದತ್ತಾಂಶದಲ್ಲೂ ಹಾಗೆಯೇ. ಒಂದು ದಾಖಲೆಯನ್ನು ತೆರೆದು, ತಿದ್ದಿ, ಉಳಿಸುವುದು ಚಿಲ್ಲರೆ ತಿದ್ದುಪಡಿ. ನೂರಾರು ದಾಖಲೆಗಳನ್ನು ಆರಿಸಿ ಒಂದೇ ಆಜ್ಞೆಯಲ್ಲಿ ಬದಲಿಸುವುದು ಸಗಟು ತಿದ್ದುಪಡಿ, ಅಂದರೆ ಬಲ್ಕ್ ಎಡಿಟ್. ಹೊಸ ಶೈಕ್ಷಣಿಕ ವರ್ಷದಲ್ಲಿ ಪ್ರಥಮ ಪಿಯುಸಿಯವರೆಲ್ಲರನ್ನೂ ದ್ವಿತೀಯಕ್ಕೆ ಸೇರಿಸುವುದು, ಒಂದು ವಿಭಾಗದವರ ಶುಲ್ಕ ಬದಲಿಸುವುದು, ಊರಿನ ಪಿನ್‌ಕೋಡ್ ಸರಿಪಡಿಸುವುದು, ಇವೆಲ್ಲ ಸಗಟು ಕೆಲಸಗಳೇ.

ಇದು ಬೇಡ ಎನ್ನಲಾಗದು. ಸಾವಿರ ಸಾಲನ್ನು ಒಂದೊಂದಾಗಿ ತಿದ್ದುವವರು ಮುನ್ನೂರನೆಯ ಸಾಲಿನ ಹೊತ್ತಿಗೆ ಸುಸ್ತಾಗುತ್ತಾರೆ, ಕಣ್ತಪ್ಪು ಶುರುವಾಗುತ್ತದೆ. ಸಗಟು ಸಾಧನ ಸಮಯವನ್ನೂ ಉಳಿಸುತ್ತದೆ, ಕೈತಪ್ಪನ್ನೂ ಕಡಿಮೆ ಮಾಡುತ್ತದೆ. ಆದರೆ ಲಾಭ ಸಗಟಾಗಿ ಬರುವ ಕಡೆ ನಷ್ಟವೂ ಸಗಟಾಗಿಯೇ ಬರುತ್ತದೆ. ಚಿಲ್ಲರೆಯಲ್ಲಿ ಎಡವಿದರೆ ಒಬ್ಬರಿಗೆ ತೊಂದರೆ. ಸಗಟಿನಲ್ಲಿ ಎಡವಿದರೆ ಆ ಸಾಲುಗಳಲ್ಲಿರುವ ಎಲ್ಲರಿಗೂ ತೊಂದರೆ, ಅದೂ ಅವರಿಗೆ ಗೊತ್ತೇ ಆಗದ ಹಾಗೆ.

ಜಗತ್ತು ಕಂಡ ಮೂರು ಪ್ರಕರಣಗಳು

ವಿಜ್ಞಾನ ವಿದ್ಯಾರ್ಥಿಗಳಿಗೆ ಮೊದಲ ಉದಾಹರಣೆ ಇಷ್ಟವಾಗಬಹುದು. ಮನುಷ್ಯನ ವಂಶವಾಹಿಗಳಿಗೆ, ಅಂದರೆ ಜೀನ್‌ಗಳಿಗೆ, ಚಿಕ್ಕ ಹೆಸರುಗಳಿವೆ. ಸೆಪ್ಟಿನ್ ಎಂಬ ಗುಂಪಿನ ಜೀನ್‌ಗಳಿಗೆ ‘ಸೆಪ್ಟ್1’, ‘ಸೆಪ್ಟ್2’ ಎಂದೂ ಇನ್ನೊಂದು ಗುಂಪಿಗೆ ‘ಮಾರ್ಚ್1’ ಎಂದೂ ಹೆಸರಿತ್ತು. ಈ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆದರೆ ಅದು ‘ಸೆಪ್ಟ್2’ ಅನ್ನು ಸೆಪ್ಟೆಂಬರ್ ಎರಡನೆಯ ತಾರೀಖು ಎಂದು ಭಾವಿಸಿ ತಾನಾಗಿಯೇ ದಿನಾಂಕ ಮಾಡಿಬಿಡುತ್ತಿತ್ತು. ಯಾರೂ ಕೇಳದೆ ನಡೆದ ಸಗಟು ತಿದ್ದುಪಡಿ ಇದು. 2016ರಲ್ಲಿ ‘ಜೀನೋಮ್ ಬಯಾಲಜಿ’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, ಎಕ್ಸೆಲ್‌ನಲ್ಲಿ ಜೀನ್ ಪಟ್ಟಿ ಲಗತ್ತಿಸಿದ್ದ ಸಂಶೋಧನಾ ಪ್ರಬಂಧಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಇಂಥ ದೋಷವಿದೆ ಎಂದು ತೋರಿಸಿತು. ಕೊನೆಗೆ ಜೀನ್‌ಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯೇ ಸೋತು, ‘ಸೆಪ್ಟ್1’ ಅನ್ನು ‘ಸೆಪ್ಟಿನ್1’, ‘ಮಾರ್ಚ್1’ ಅನ್ನು ‘ಮಾರ್ಚ್‌ಎಫ್1’ ಎಂದು ಬದಲಿಸಿತು. 2020ರಲ್ಲಿ ಇದಕ್ಕಾಗಿ ಹೊಸ ನಿಯಮಾವಳಿಯೂ ಪ್ರಕಟವಾಯಿತು. ಈ ತಾನಾಗಿ ಬದಲಿಸುವ ಗುಣವನ್ನು ನಿಲ್ಲಿಸುವ ಆಯ್ಕೆ ಎಕ್ಸೆಲ್‌ಗೆ ಬಂದದ್ದು 2023ರಲ್ಲಿ. ಅಲ್ಲಿಯವರೆಗೆ ಸಾಫ್ಟ್‌ವೇರ್‌ಗೆ ಹೊಂದಿಕೊಳ್ಳಲು ವಿಜ್ಞಾನವೇ ತನ್ನ ಹೆಸರುಗಳನ್ನು ಬದಲಿಸಿಕೊಳ್ಳಬೇಕಾಯಿತು.

ಎರಡನೆಯದು 2022ರ ಏಪ್ರಿಲ್ 5ರಂದು ನಡೆದದ್ದು. ‘ಜೀರಾ’, ‘ಕನ್‌ಫ್ಲುಯೆನ್ಸ್’ ಎಂಬ ಸಾಫ್ಟ್‌ವೇರ್‌ಗಳನ್ನು ನೀಡುವ ಅಟ್ಲಾಸಿಯನ್ ಕಂಪನಿ ಒಂದು ಹಳೆಯ ಆ್ಯಪ್ ಅನ್ನು ಗ್ರಾಹಕರ ಖಾತೆಗಳಿಂದ ತೆಗೆಯಬೇಕಿತ್ತು. ತೆಗೆಯಬೇಕಾದ ಆ್ಯಪ್‌ಗಳ ಗುರುತಿನ ಸಂಖ್ಯೆಗಳನ್ನು ಒಂದು ತಂಡ ಇನ್ನೊಂದು ತಂಡಕ್ಕೆ ಕೊಡಬೇಕು. ಕೊಟ್ಟದ್ದು ಆ್ಯಪ್‌ಗಳದ್ದಲ್ಲ, ಆ್ಯಪ್ ಇದ್ದ ಇಡೀ ಸೈಟುಗಳ ಸಂಖ್ಯೆಗಳನ್ನು. ಅಳಿಸುವ ವ್ಯವಸ್ಥೆ ಎರಡೂ ಬಗೆಯ ಸಂಖ್ಯೆಗಳನ್ನು ಒಪ್ಪುತ್ತಿತ್ತು. ‘ನೀವು ಆ್ಯಪ್ ಅಳಿಸುತ್ತಿದ್ದೀರೋ, ಸೈಟ್ ಅಳಿಸುತ್ತಿದ್ದೀರೋ’ ಎಂದು ಅದು ಕೇಳಲಿಲ್ಲ. ಅರ್ಧ ಗಂಟೆಯೊಳಗೆ 775 ಗ್ರಾಹಕರ 883 ಸೈಟುಗಳು ಅಳಿಸಿಹೋದವು. ಎಲ್ಲವನ್ನೂ ಮರಳಿ ತರುವಷ್ಟರಲ್ಲಿ ಕೆಲವರಿಗೆ ಎರಡು ವಾರ ಹಿಡಿಯಿತು. ಆ ಬಳಿಕ ಕಂಪನಿ ಕೈಗೊಂಡ ಮೊದಲ ತೀರ್ಮಾನಗಳಲ್ಲಿ ಒಂದು ‘ಸಾಫ್ಟ್ ಡಿಲೀಟ್’. ಅಂದರೆ ಅಳಿಸು ಎಂದ ಕೂಡಲೇ ನಾಶ ಮಾಡದೆ, ಮೊದಲು ಪಕ್ಕಕ್ಕೆ ಸರಿಸಿ ಇಡುವುದು.

ಮೂರನೆಯದು ವಾಣಿಜ್ಯ ವಿದ್ಯಾರ್ಥಿಗಳಿಗೆ. 2020ರ ಆಗಸ್ಟ್‌ನಲ್ಲಿ ಅಮೆರಿಕದ ಸಿಟಿಬ್ಯಾಂಕ್, ರೆವ್ಲಾನ್ ಎಂಬ ಸೌಂದರ್ಯವರ್ಧಕ ಕಂಪನಿಯ ಸಾಲಕ್ಕೆ ಸಂಬಂಧಿಸಿ ಸಾಲ ಕೊಟ್ಟವರಿಗೆಲ್ಲ ಸುಮಾರು 78 ಲಕ್ಷ ಡಾಲರ್ ಬಡ್ಡಿ ಕಳಿಸಬೇಕಿತ್ತು. ಹೋದದ್ದು ಸುಮಾರು 90 ಕೋಟಿ ಡಾಲರ್, ಅಂದರೆ ಅಸಲೂ ಸೇರಿ. ಬ್ಯಾಂಕ್ ಬಳಸುತ್ತಿದ್ದ ಫ್ಲೆಕ್ಸ್‌ಕ್ಯೂಬ್ ಎಂಬ ಸಾಫ್ಟ್‌ವೇರ್ ಮೂಲತಃ ನಮ್ಮ ದೇಶದ ಐ-ಫ್ಲೆಕ್ಸ್ ಕಂಪನಿಯದು, ಈಗ ಒರಾಕಲ್ ಕಂಪನಿಗೆ ಸೇರಿದೆ. ಅಸಲಿನ ಹಣ ಹೊರಗೆ ಹೋಗದಂತೆ ಬ್ಯಾಂಕಿನ ಒಳಖಾತೆಗೆ ತಿರುಗಿಸಲು ಪರದೆಯ ಮೇಲೆ ಮೂರು ಕಡೆ ಗುರುತು ಹಾಕಬೇಕಿತ್ತು. ಹಾಕಿದ್ದು ಒಂದು ಕಡೆ ಮಾತ್ರ, ‘ಅಸಲು’ ಎಂದಿದ್ದ ಕಡೆ. ಹೆಸರು ನೋಡಿದರೆ ಅದೊಂದೇ ಸಾಕು ಅನಿಸುವಂತಿತ್ತು. ಒಬ್ಬರು ತುಂಬಿ, ಇನ್ನೊಬ್ಬರು ಪರಿಶೀಲಿಸಿ, ಮೂರನೆಯವರು ಒಪ್ಪಿಗೆ ಕೊಟ್ಟರು. ಆರು ಕಣ್ಣುಗಳಿಗೂ ಅದು ಸರಿಯಾಗಿಯೇ ಕಂಡಿತು. ಹಣ ಬ್ಯಾಂಕಿನಿಂದ ಹೊರಗೆ ಹೋಗಲಿದೆ ಎಂಬ ಎಚ್ಚರಿಕೆ ಬಂತು, ಆದರೆ ಎಷ್ಟು ಹಣ ಎಂದು ಅದರಲ್ಲಿ ಇರಲಿಲ್ಲ. ಬಡ್ಡಿ ಹೇಗೂ ಹೊರಗೆ ಹೋಗಬೇಕಿತ್ತಲ್ಲ, ಹಾಗಾಗಿ ಎಚ್ಚರಿಕೆಯೂ ಸಹಜವಾಗಿಯೇ ತೋರಿತು. ಸುಮಾರು 50 ಕೋಟಿ ಡಾಲರ್ ಪಡೆದವರು ಹಿಂತಿರುಗಿಸಲು ಒಪ್ಪದೆ ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. 2021ರಲ್ಲಿ ತೀರ್ಪು ಬ್ಯಾಂಕಿನ ವಿರುದ್ಧ ಬಂತು, 2022ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿತು.

ಮೂರೂ ಪ್ರಕರಣಗಳಲ್ಲಿ ಕೆಲಸ ಮಾಡುತ್ತಿದ್ದವರು ದಡ್ಡರಲ್ಲ, ಸೋಮಾರಿಗಳೂ ಅಲ್ಲ. ಏನು ನಡೆಯಲಿದೆ ಎಂಬುದನ್ನು ಸಾಧನ ಅವರಿಗೆ ಕಾಣುವಂತೆ ತೋರಿಸಲಿಲ್ಲ. ಡಿಸೈನ್ ಎಂಬ ಕೆಲಸ ಶುರುವಾಗುವುದೇ ಇಲ್ಲಿಂದ.

ನಮ್ಮ ಹೆಸರುಗಳೂ ‘ಕ್ಲೀನ್ ಅಪ್’ ಎಂಬ ಮಾತೂ

ಡಾಲರುಗಳ ಕಥೆ ದೂರದ್ದು ಅನಿಸಬಹುದು. ಹತ್ತಿರದ್ದನ್ನು ನೋಡೋಣ.

ನಮ್ಮ ತರಗತಿಗಳ ಹಾಜರಿಪಟ್ಟಿಯಲ್ಲಿ ಒಂದೇ ಹೆಸರು ಎಷ್ಟು ರೀತಿಯಲ್ಲಿದೆ ಎಣಿಸಿ ನೋಡಿ. ಮೊಹಮ್ಮದ್, ಮುಹಮ್ಮದ್, ಮಹಮ್ಮದ್. ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಯ ಸ್ವರ ಒಬ್ಬರಿಗೆ ‘ಎ’, ಇನ್ನೊಬ್ಬರಿಗೆ ‘ಇ’. ಕೆಲವರದ್ದು ‘ಎಂ’ ಮತ್ತು ‘ಡಿ’ ಎರಡೇ ಅಕ್ಷರ, ಕೆಲವರದ್ದು ನಾಲ್ಕಕ್ಷರದ ಸಂಕ್ಷೇಪ. ಸಾಫ್ಟ್‌ವೇರ್ ಎಂಜಿನಿಯರ್ ಇದನ್ನು ನೋಡಿದ ಕೂಡಲೇ ‘ದತ್ತಾಂಶ ಕೊಳಕಾಗಿದೆ, ಕ್ಲೀನ್ ಅಪ್ ಮಾಡಬೇಕು’ ಎನ್ನುತ್ತಾನೆ. ‘ಎಂಡಿ’ ಇರುವ ಕಡೆಯಲ್ಲೆಲ್ಲ ‘ಮೊಹಮ್ಮದ್’ ಹಾಕಿ ಎಂಬ ಒಂದು ಸಗಟು ಆಜ್ಞೆ ಕೊಟ್ಟರೆ ಆಯಿತಲ್ಲ?

ಆಗುವುದಿಲ್ಲ. ಮೊದಲನೆಯ ತೊಡಕು ತಾಂತ್ರಿಕವಾದದ್ದು. ಎಕ್ಸೆಲ್‌ನ ‘ಫೈಂಡ್ ಅಂಡ್ ರಿಪ್ಲೇಸ್’ ನಾವು ಬೇರೆ ಹೇಳದಿದ್ದರೆ ಪದದ ನಡುವೆಯೂ ಹುಡುಕುತ್ತದೆ, ದೊಡ್ಡಕ್ಷರ ಸಣ್ಣಕ್ಷರ ಎಂದು ಭೇದ ಮಾಡುವುದಿಲ್ಲ. ‘ಹಮ್ದಾನ್’ ಎಂದು ಇಂಗ್ಲಿಷಿನಲ್ಲಿ ಬರೆದಾಗ ನಡುವೆ ಎಂ ಮತ್ತು ಡಿ ಅಕ್ಕಪಕ್ಕ ಬರುತ್ತವೆ. ಆಜ್ಞೆ ಓಡಿದ ಮೇಲೆ ಆ ಹುಡುಗನ ಹೆಸರು ‘ಹಮೊಹಮ್ಮದಾನ್’ ಆಗಿರುತ್ತದೆ. ‘ಸಮ್ದಾನಿ’ಗೂ ಇದೇ ಗತಿ.

ಎರಡನೆಯ ತೊಡಕು ಇನ್ನೂ ದೊಡ್ಡದು. ಆ ವ್ಯತ್ಯಾಸ ಕೊಳಕಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ, ಆಧಾರ್‌ನಲ್ಲಿ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಹೇಗಿದೆಯೋ ಹಾಗೆಯೇ ಇರುವುದೇ ಆ ಹೆಸರಿನ ಸರಿಯಾದ ರೂಪ. ಅದನ್ನು ‘ಸರಿ’ ಮಾಡಿದರೆ ಕಾಗದಗಳು ಒಂದಕ್ಕೊಂದು ಹೊಂದದೆ ಹೋಗುತ್ತವೆ. ಕನ್ನಡ ನಾಡಿನಲ್ಲಿ ಇದು ಒಂದು ಸಮುದಾಯದ ಕಷ್ಟವೂ ಅಲ್ಲ. ಊರಿನ ಹೆಸರನ್ನೂ ತಂದೆಯ ಹೆಸರನ್ನೂ ಇನಿಶಿಯಲ್ ಆಗಿ ಇಟ್ಟುಕೊಂಡವರಿಗೆ ‘ಸರ್‌ನೇಮ್’ ಎಂಬ ಖಾನೆಯಲ್ಲಿ ತುಂಬಲು ಏನೂ ಇರುವುದಿಲ್ಲ. ‘ಫಾತಿಮಾ ಬಿ’ ಎಂಬಲ್ಲಿ ‘ಬಿ’ ಇನಿಶಿಯಲ್ಲೋ, ಹೆಸರಿನ ಭಾಗವಾದ ‘ಬೀ’ಯೋ ಎಂದು ಯಂತ್ರಕ್ಕೆ ಹೇಗೆ ತಿಳಿಯಬೇಕು?

ನನ್ನ ತಂಗಿಗೆ ಇದೇ ಆಯಿತು. ಅವಳು ಓದುತ್ತಿದ್ದ ಸಂಸ್ಥೆಯೊಂದು ಹೊಸ ಸಾಫ್ಟ್‌ವೇರ್‌ಗೆ ಬದಲಾದಾಗ ಕೊನೆಯ ಹೆಸರು ಕಡ್ಡಾಯವಾಯಿತು. ಅದಿಲ್ಲದ ವಿದ್ಯಾರ್ಥಿಗಳಿಗೆಲ್ಲ ಯಾರೋ ಮೊದಲ ಹೆಸರನ್ನೇ ಎರಡನೆಯ ಸಲ ತುಂಬುವ ಸಗಟು ಆಜ್ಞೆ ಕೊಟ್ಟರು. ಪ್ರಮಾಣಪತ್ರದಲ್ಲಿ ಅವಳ ಹೆಸರು ಎರಡೆರಡು ಸಲ ಬಂತು. ಆಧಾರ್‌ಗೆ ಹೊಂದಲಿಲ್ಲ, ವಿದ್ಯಾರ್ಥಿವೇತನದ ಅರ್ಜಿ ನಿಂತಿತು. ಅಬ್ಬಾ ಮೂರು ದಿನದ ಕೂಲಿ ಬಿಟ್ಟು ನೋಟರಿ, ಅಫಿಡವಿಟ್, ಕಚೇರಿ ಎಂದು ಓಡಾಡಿದರು. ಆ ಆಜ್ಞೆ ಕೊಟ್ಟವರಿಗೆ ನಮ್ಮ ಮೇಲೆ ಯಾವ ದ್ವೇಷವೂ ಇರಲಿಲ್ಲ. ಅವರ ಪರದೆಯ ಮೇಲೆ ‘ಯಶಸ್ವಿಯಾಗಿ ನವೀಕರಿಸಲಾಗಿದೆ’ ಎಂದು ಹಸಿರು ಬಣ್ಣದಲ್ಲಿ ಬಂದಿರುತ್ತದೆ, ಅವರು ಮುಂದಿನ ಕೆಲಸಕ್ಕೆ ಹೋಗಿರುತ್ತಾರೆ.

ಪರದೆಯನ್ನು ಹೊಸದಾಗಿ ಕಟ್ಟುವಾಗ

ನಮ್ಮ ತಂಡ ಮೊದಲು ಮಾಡಿದ್ದು, ಹಳೆಯ ಪರದೆ ಬಳಸುತ್ತಿದ್ದವರ ಪಕ್ಕದಲ್ಲಿ ಕುಳಿತು ನೋಡಿದ್ದು. ಅವರಲ್ಲಿ ಹಲವರು ನಮ್ಮ ಬಲ್ಕ್ ಎಡಿಟ್ ಅನ್ನು ಬಳಸುತ್ತಲೇ ಇರಲಿಲ್ಲ. ಎಲ್ಲವನ್ನೂ ಎಕ್ಸೆಲ್‌ಗೆ ಇಳಿಸಿಕೊಂಡು, ಅಲ್ಲಿ ತಿದ್ದಿ, ಮತ್ತೆ ಮೇಲೇರಿಸುತ್ತಿದ್ದರು. ಕಾರಣ ಕೇಳಿದರೆ ‘ಅಲ್ಲಾದರೆ ಕಣ್ಣಿಗೆ ಕಾಣುತ್ತದೆ’ ಎಂದರು. ಆ ಒಂದು ಮಾತೇ ನಮಗೆ ದಾರಿ ತೋರಿಸಿತು. ಅದರಿಂದ ನಾವು ಕಲಿತದ್ದನ್ನು ಏಳು ಪ್ರಶ್ನೆಗಳಾಗಿ ಹೇಳುತ್ತೇನೆ.

1. ಯಾವುದನ್ನು ಆರಿಸಿದ್ದೇನೆ? ‘ಎಲ್ಲವನ್ನೂ ಆರಿಸು’ ಎಂಬ ಚೌಕಕ್ಕೆ ಗುರುತು ಹಾಕಿದರೆ ಈ ಪುಟದ 50 ಸಾಲುಗಳೇ, ಹುಡುಕಾಟಕ್ಕೆ ಸಿಕ್ಕ 4,000 ಸಾಲುಗಳೇ? ಜಿಮೇಲ್ ಗಮನಿಸಿ. ಮೊದಲು ಈ ಪುಟದ್ದಷ್ಟೇ ಆರಿಸಿ, ಉಳಿದದ್ದೂ ಬೇಕೆ ಎಂದು ಬೇರೆಯಾಗಿ ಕೇಳುತ್ತದೆ. ಸಂಖ್ಯೆ ಸದಾ ಕಣ್ಣೆದುರು ಇರಬೇಕು. ಗುಂಡಿಯ ಮೇಲೆ ಬರೀ ‘ಬದಲಿಸು’ ಎಂದಿರುವುದಕ್ಕಿಂತ ‘4,000 ದಾಖಲೆ ಬದಲಿಸು’ ಎಂದಿದ್ದರೆ ಬೆರಳು ಒಂದು ಕ್ಷಣ ನಿಲ್ಲುತ್ತದೆ.

2. ಖಾಲಿ ಖಾನೆಯ ಅರ್ಥವೇನು? ಮೂವತ್ತು ವಿದ್ಯಾರ್ಥಿಗಳನ್ನು ಆರಿಸಿ ತಿದ್ದುವ ಫಾರ್ಮ್ ತೆರೆದಾಗ ‘ಮೊಬೈಲ್ ಸಂಖ್ಯೆ’ ಖಾನೆಯಲ್ಲಿ ಏನು ತೋರಿಸಬೇಕು? ಮೂವತ್ತೂ ಬೇರೆ ಬೇರೆ ಸಂಖ್ಯೆ. ಖಾಲಿ ತೋರಿಸಿದರೆ, ಉಳಿಸು ಎಂದಾಗ ಅದು ‘ಹಾಗೇ ಇರಲಿ’ ಎಂದೋ ‘ಎಲ್ಲ ಅಳಿಸು’ ಎಂದೋ? ಈ ಗೊಂದಲದಿಂದ ಸಂಖ್ಯೆಗಳು ಅಳಿಸಿಹೋಗುವುದು ಇಂಥ ಸಾಫ್ಟ್‌ವೇರ್‌ಗಳಲ್ಲಿ ಹಳೆಯ ರೋಗ. ನಾವು ಪ್ರತಿ ಖಾನೆಗೂ ಮೂರು ಸ್ಥಿತಿ ಕೊಟ್ಟೆವು: ಹಾಗೇ ಇರಲಿ, ಇದಕ್ಕೆ ಬದಲಿಸು, ಖಾಲಿ ಮಾಡು. ಮೊದಲನೆಯದು ತಾನಾಗಿ ಇರುತ್ತದೆ, ಉಳಿದೆರಡನ್ನು ಬೇಕೆಂದೇ ಆರಿಸಬೇಕು.

3. ಮೊದಲು ಏನಿತ್ತು, ಆಮೇಲೆ ಏನಾಗುತ್ತದೆ? ಉಳಿಸುವ ಮೊದಲು ಹಳೆಯದು ಮತ್ತು ಹೊಸದನ್ನು ಅಕ್ಕಪಕ್ಕ ತೋರಿಸುವುದು ಮುನ್ನೋಟ. ಆದರೆ ಮೊದಲ ಹತ್ತು ಸಾಲು ತೋರಿಸಿದರೆ ಪ್ರಯೋಜನವಿಲ್ಲ, ಮೊದಲ ಹತ್ತು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ. ಆದ್ದರಿಂದ ಬದಲಾವಣೆಗಳನ್ನು ಬಗೆಬಗೆಯಾಗಿ ಗುಂಪು ಮಾಡಿ, ಅಪರೂಪದ ಬಗೆಯನ್ನು ಮೇಲೆ ತೋರಿಸಬೇಕು. ‘ಎಂಡಿ ಇರ್ಫಾನ್’ನಂಥವರು ಇನ್ನೂರು ಇದ್ದರೂ ಪಟ್ಟಿಯ ತಲೆಯಲ್ಲಿ ‘ಹಮೊಹಮ್ಮದಾನ್’ ಒಂಟಿಯಾಗಿ ನಿಂತಿದ್ದರೆ ಯಾರ ಕಣ್ಣಿಗಾದರೂ ಬೀಳುತ್ತದೆ.

4. ವಾಪಸ್ ಬರಬಹುದೇ? ‘ಖಚಿತವೇ?’ ಎಂದು ಪ್ರತಿ ಸಲ ಕೇಳುವ ಪೆಟ್ಟಿಗೆಯನ್ನು ಮೂರನೆಯ ದಿನಕ್ಕೆ ಯಾರೂ ಓದುವುದಿಲ್ಲ, ಬೆರಳು ತಾನಾಗಿ ‘ಹೌದು’ ಒತ್ತುತ್ತದೆ. ಅದಕ್ಕಿಂತ ಮಾಡಿದ್ದನ್ನು ಹಿಂತೆಗೆಯುವ ದಾರಿ ಹೆಚ್ಚು ಕೆಲಸಕ್ಕೆ ಬರುತ್ತದೆ. ಆದರೆ ಹಲವರು ಒಟ್ಟಿಗೆ ಬಳಸುವ ವ್ಯವಸ್ಥೆಯಲ್ಲಿ ಇದು ಸುಲಭವಲ್ಲ. ನಾನು ಬೆಳಿಗ್ಗೆ ಸಾವಿರ ಸಾಲು ಬದಲಿಸಿದೆ, ಮಧ್ಯಾಹ್ನ ಬೇರೊಬ್ಬರು ಅದರಲ್ಲಿ ಹತ್ತನ್ನು ತಿದ್ದಿದರು, ಸಂಜೆ ನಾನು ಹಿಂತೆಗೆದರೆ ಅವರ ಹತ್ತು ತಿದ್ದುಪಡಿಗಳ ಗತಿ? ಒಂಬೈನೂರ ತೊಂಬತ್ತನ್ನು ಹಿಂದಕ್ಕೆ ತಂದು, ಆ ಹತ್ತನ್ನು ಬೇರೆಯಾಗಿ ತೋರಿಸಿ ಕೇಳುವುದೇ ಸರಿ ಎಂದು ನಾವು ತೀರ್ಮಾನಿಸಿದೆವು.

5. ಅರ್ಧಕ್ಕೆ ನಿಂತರೆ? ಸಾವಿರದಲ್ಲಿ 980 ಆಗಿ 20 ಆಗದಿದ್ದರೆ ‘ದೋಷ ಸಂಭವಿಸಿದೆ’ ಎಂಬ ಒಂದು ಸಾಲು ಯಾರಿಗೂ ಉಪಯೋಗವಿಲ್ಲ. ಯಾವ 20, ಏಕೆ ಆಗಲಿಲ್ಲ, ಅವುಗಳನ್ನಷ್ಟೇ ತಿದ್ದಿ ಮತ್ತೆ ಕಳಿಸುವುದು ಹೇಗೆ ಎಂದು ಹೇಳಬೇಕು.

6. ಯಾರು, ಯಾವಾಗ, ಏಕೆ? ಪ್ರತಿ ಸಗಟು ತಿದ್ದುಪಡಿಗೂ ಒಂದು ಸಾಲಿನ ಕಾರಣ ಬರೆಯಲೇಬೇಕು. ಕಾರಣ ಬರೆಯಲು ಆಗದಿದ್ದರೆ ಆ ತಿದ್ದುಪಡಿ ಬಹುಶಃ ಬೇಕಾಗಿಯೇ ಇಲ್ಲ.

7. ಎರಡನೆಯವರು ಏನನ್ನು ನೋಡುತ್ತಾರೆ? ಒಪ್ಪಿಗೆ ಕೊಡುವವರಿಗೂ ಮೊದಲನೆಯವರು ನೋಡಿದ ಪರದೆಯನ್ನೇ ತೋರಿಸಿದರೆ ಅವರೂ ಅದೇ ತಪ್ಪು ಓದುತ್ತಾರೆ. ಸಿಟಿಬ್ಯಾಂಕ್ ಪ್ರಕರಣದ ಪಾಠ ಇದೇ. ಅವರಿಗೆ ಫಲಿತಾಂಶವನ್ನು ತೋರಿಸಬೇಕು: ಎಷ್ಟು ದಾಖಲೆ, ಎಷ್ಟು ಹಣ, ಎಲ್ಲಿಗೆ.

ಇಷ್ಟೆಲ್ಲ ಮಾಡಿದಾಗ ಒಂದು ಆಕ್ಷೇಪ ಬಂತು, ಅದೂ ನ್ಯಾಯವಾದದ್ದೇ. ಇಪ್ಪತ್ತು ವರ್ಷದಿಂದ ದತ್ತಾಂಶ ತುಂಬುವ ಕೆಲಸ ಮಾಡುತ್ತಿರುವ ಒಬ್ಬ ಮಹಿಳೆ ನಮ್ಮ ಹೊಸ ಪರದೆ ನೋಡಿ, ‘ಮೇಡಂ, ಮೊದಲು ಎರಡು ಒತ್ತಿಗೆ ಮುಗಿಯುತ್ತಿತ್ತು, ಈಗ ಆರು ಒತ್ತಬೇಕು. ದಿನಕ್ಕೆ ಎಷ್ಟು ಸಲ ಒತ್ತಲಿ?’ ಎಂದರು. ಸುರಕ್ಷತೆಯ ಹೆಸರಿನಲ್ಲಿ ಕೆಲಸಗಾರರ ಬೆನ್ನಿಗೆ ಹೊರೆ ಹಾಕುವುದೂ ಕೆಟ್ಟ ಡಿಸೈನ್. ಹಾಗಾಗಿ ಅಪಾಯಕ್ಕೆ ತಕ್ಕಂತೆ ಅಡ್ಡಿ ಎಂಬ ನಿಯಮ ಮಾಡಿಕೊಂಡೆವು. ವಿಭಾಗ ‘ಎ’ಯಿಂದ ‘ಬಿ’ಗೆ ಬದಲಿಸುವುದಾದರೆ ನೇರ ಉಳಿಸಬಹುದು, ಬೇಡವಾದರೆ ಹಿಂತೆಗೆಯಬಹುದು. ಹೆಸರು, ಜನ್ಮದಿನಾಂಕ, ಬ್ಯಾಂಕ್ ಖಾತೆ ಇವುಗಳ ಮೇಲೆ ಕೈ ಇಟ್ಟರೆ ಮುನ್ನೋಟ ಮತ್ತು ಎರಡನೆಯವರ ಒಪ್ಪಿಗೆ ಬೇಕೇ ಬೇಕು. ಗೆರೆ ಎಲ್ಲಿ ಎಳೆಯಬೇಕು ಎಂಬ ಚರ್ಚೆ ನಮ್ಮಲ್ಲಿ ಇನ್ನೂ ನಡೆದೇ ಇದೆ.

ಎಸ್‌ಕ್ಯೂಎಲ್ ಪಾಠದಲ್ಲೂ ಇದೇ ವಿಷಯ

ಕಂಪ್ಯೂಟರ್ ವಿಜ್ಞಾನ ಓದುವವರು ಎಸ್‌ಕ್ಯೂಎಲ್‌ನಲ್ಲಿ ‘ಅಪ್‌ಡೇಟ್’ ಆಜ್ಞೆ ಕಲಿಯುತ್ತೀರಿ. ಅದರ ಕೊನೆಯಲ್ಲಿ ಬರುವ ‘ವೇರ್’ ಎಂಬ ಭಾಗ ಯಾವ ಸಾಲುಗಳು ಎಂಬುದನ್ನು ಹೇಳುತ್ತದೆ. ಅದನ್ನು ಬಿಟ್ಟರೂ ಆಜ್ಞೆ ವ್ಯಾಕರಣಬದ್ಧವೇ, ಕಂಪ್ಯೂಟರ್ ತಕರಾರು ತೆಗೆಯುವುದಿಲ್ಲ. ಇಡೀ ಕೋಷ್ಟಕವೇ ಬದಲಾಗುತ್ತದೆ. ಆದ್ದರಿಂದ ಅನುಭವಸ್ಥರು ಒಂದು ಅಭ್ಯಾಸ ಇಟ್ಟುಕೊಂಡಿರುತ್ತಾರೆ. ಮೊದಲು ಅದೇ ‘ವೇರ್’ ಭಾಗದೊಂದಿಗೆ ‘ಸೆಲೆಕ್ಟ್’ ಬರೆದು ಯಾವ ಸಾಲುಗಳು ಬರುತ್ತವೆ, ಎಷ್ಟು ಬರುತ್ತವೆ ಎಂದು ನೋಡುತ್ತಾರೆ. ಆಮೇಲೆ ಟ್ರಾನ್ಸಾಕ್ಷನ್ ಶುರು ಮಾಡಿ ‘ಅಪ್‌ಡೇಟ್’ ಓಡಿಸುತ್ತಾರೆ. ಎಣಿಕೆ ಹೊಂದಿದರೆ ‘ಕಮಿಟ್’, ಹೊಂದದಿದ್ದರೆ ‘ರೋಲ್‌ಬ್ಯಾಕ್’. ಟ್ರಾನ್ಸಾಕ್ಷನ್ ಎಂಬ ಕಲ್ಪನೆಗೆ ಗಟ್ಟಿ ಅಡಿಪಾಯ ಹಾಕಿದ ಜಿಮ್ ಗ್ರೇ ಅವರಿಗೆ 1998ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಪ್ರೋಗ್ರಾಮರ್‌ಗಳಿಗೆ ಅರ್ಧ ಶತಮಾನದಿಂದ ಸಿಕ್ಕಿರುವ ಈ ಸೌಲಭ್ಯವನ್ನು ಪರದೆಯ ಮುಂದೆ ಕೂತ ಗುಮಾಸ್ತರಿಗೂ ಕೊಡುವುದಷ್ಟೇ ನಮ್ಮ ಕೆಲಸ. ಮುನ್ನೋಟ ಎಂದರೆ ‘ಸೆಲೆಕ್ಟ್’, ಹಿಂತೆಗೆಯುವುದು ಎಂದರೆ ‘ರೋಲ್‌ಬ್ಯಾಕ್’ ಮಾಡುವ ಕೆಲಸವನ್ನೇ ತಡವಾಗಿಯಾದರೂ ಮಾಡುವುದು.

ಪ್ರಯೋಗಾಲಯದಲ್ಲಿ ಕೈಯಾಡಿಸಿ ನೋಡಬೇಕೆನ್ನುವವರಿಗೆ ಓಪನ್‌ರಿಫೈನ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. 2010ರಲ್ಲಿ ಫ್ರೀಬೇಸ್ ಗ್ರಿಡ್‌ವರ್ಕ್ಸ್ ಎಂಬ ಹೆಸರಿನಲ್ಲಿ ಹುಟ್ಟಿ, ಕೆಲಕಾಲ ಗೂಗಲ್ ರಿಫೈನ್ ಎನಿಸಿಕೊಂಡು, ಈಗ ಸ್ವಯಂಸೇವಕರು ನಡೆಸುವ ಮುಕ್ತ ಯೋಜನೆಯಾಗಿದೆ. ಒಂದೇ ಇರಬಹುದಾದ ಹೆಸರುಗಳನ್ನು ಅದು ಗುಂಪು ಮಾಡಿ ತೋರಿಸುತ್ತದೆ. ಅದರ ಒಂದು ವಿಧಾನ ಬಹಳ ಸರಳ: ಎಲ್ಲ ಸಣ್ಣಕ್ಷರ ಮಾಡು, ಚುಕ್ಕೆ ಅಲ್ಪವಿರಾಮ ತೆಗೆ, ಪದಗಳನ್ನು ಅಕಾರಾದಿಯಾಗಿ ಜೋಡಿಸು, ಎರಡು ಸಲ ಬಂದದ್ದನ್ನು ಒಂದು ಮಾಡು. ಆಗ ‘ಖಾನ್, ಆಯೇಷಾ’ ಮತ್ತು ‘ಆಯೇಷಾ ಖಾನ್’ ಒಂದೇ ಆಗಿ ಕಾಣುತ್ತವೆ. ಆದರೆ ಅದು ತಾನಾಗಿ ಬೆಸೆಯುವುದಿಲ್ಲ, ‘ಇವು ಒಂದೇ ಇರಬಹುದು, ನೀವೇ ನೋಡಿ’ ಎನ್ನುತ್ತದೆ. ಮಾಡಿದ ಪ್ರತಿ ಹೆಜ್ಜೆಯೂ ಪಟ್ಟಿಯಲ್ಲಿರುತ್ತದೆ, ಯಾವ ಹೆಜ್ಜೆಗೆ ಬೇಕಾದರೂ ಹಿಂದಿರುಗಬಹುದು. ಯಂತ್ರ ಸೂಚಿಸಲಿ, ಮನುಷ್ಯ ತೀರ್ಮಾನಿಸಲಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ಕಂಡಿಲ್ಲ.

ನಾಳೆಯೇ ಮಾಡಬಹುದಾದದ್ದು

ಹೊಸ ಸಾಫ್ಟ್‌ವೇರ್ ಬರುವವರೆಗೆ ಕಾಯಬೇಕಿಲ್ಲ. ಕಚೇರಿಯ ಸಿಬ್ಬಂದಿಗೂ, ಪ್ರಾಜೆಕ್ಟಿಗಾಗಿ ಎಕ್ಸೆಲ್ ಬಳಸುವ ವಿದ್ಯಾರ್ಥಿಗಳಿಗೂ ಕೆಲವು ಮಾತು.

ತಿದ್ದುವ ಮೊದಲು ಫೈಲಿನ ಪ್ರತಿ ಮಾಡಿ, ಹೆಸರಿನಲ್ಲಿ ದಿನಾಂಕ ಸೇರಿಸಿ ಇಡಿ. ಹೆಸರಿನ ಕಾಲಮ್ ತಿದ್ದುವುದಾದರೆ ಹಳೆಯದನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಹೊಸ ಕಾಲಮ್ ಮಾಡಿ. ‘ರಿಪ್ಲೇಸ್ ಆಲ್’ ಒತ್ತುವ ಮೊದಲು ‘ಫೈಂಡ್ ಆಲ್’ ಒತ್ತಿ ಪಟ್ಟಿ ಓದಿ.

ಆಧಾರ್, ಮೊಬೈಲ್, ಬ್ಯಾಂಕ್ ಖಾತೆಯ ಕಾಲಮ್‌ಗಳನ್ನು ತುಂಬುವ ಮೊದಲೇ ‘ಟೆಕ್ಸ್ಟ್’ ಎಂದು ಗುರುತಿಸಿ. ಇಲ್ಲವಾದರೆ ಎಕ್ಸೆಲ್ ಅವನ್ನು ಲೆಕ್ಕದ ಸಂಖ್ಯೆ ಎಂದು ತಿಳಿಯುತ್ತದೆ. ಮುಂದಿನ ಸೊನ್ನೆಗಳು ಉದುರುತ್ತವೆ. 12 ಅಂಕೆಯ ಆಧಾರ್ ಸಂಖ್ಯೆ ‘ಇ’ ಅಕ್ಷರವಿರುವ ಚಿಕ್ಕ ರೂಪಕ್ಕೆ ತಿರುಗುತ್ತದೆ, ಹಾಗೇ ಸಿಎಸ್‌ವಿ ಫೈಲಾಗಿ ಉಳಿಸಿದರೆ ಉಳಿದ ಅಂಕೆಗಳು ಹೋದವೆಂದೇ ಲೆಕ್ಕ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕೆಗಳನ್ನು ಮಾತ್ರ ನೆನಪಿಡುತ್ತದೆ, 16 ಅಂಕೆಯ ಖಾತೆ ಸಂಖ್ಯೆಯ ಕೊನೆಯದು ಸೊನ್ನೆಯಾಗುತ್ತದೆ. 03/04/2008 ಎಂಬುದು ಏಪ್ರಿಲ್ ಮೂರೋ ಮಾರ್ಚ್ ನಾಲ್ಕೋ ಎಂಬುದು ಆ ಕಂಪ್ಯೂಟರಿನ ಸೆಟ್ಟಿಂಗ್ ಮೇಲೆ ನಿಂತಿದೆ, ಆದ್ದರಿಂದ ತಿಂಗಳನ್ನು ಅಕ್ಷರದಲ್ಲಿ ಬರೆಯುವುದು ಕ್ಷೇಮ.

ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ನಿಮ್ಮ ಹೆಸರು, ತಂದೆ ತಾಯಿಯ ಹೆಸರು, ಜನ್ಮದಿನಾಂಕ ಕಾಲೇಜಿನ ದಾಖಲೆಯಲ್ಲಿ ಹೇಗಿದೆ ಎಂದು ಪ್ರತಿ ವರ್ಷ ಒಮ್ಮೆ ಕಚೇರಿಗೆ ಹೋಗಿ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಹಿಡಿದು ಹೋಲಿಸಿ ನೋಡಿ. ಕಳೆದ ವರ್ಷ ಸರಿ ಇತ್ತು ಎಂದರೆ ಈ ವರ್ಷವೂ ಸರಿ ಇದೆ ಎಂದಲ್ಲ. ನಡುವೆ ಎಲ್ಲೋ ಒಂದು ಸಗಟು ಆಜ್ಞೆ ಓಡಿರಬಹುದು.

ಡಿಸೈನ್ ಎಂದರೆ ಚಿತ್ರ ಬರೆಯಲು ಬರುವವರ ಕೆಲಸ ಎಂದು ನಾನೂ ಪಿಯುಸಿಯಲ್ಲಿದ್ದಾಗ ಅಂದುಕೊಂಡಿದ್ದೆ. ನಮ್ಮ ತಂಡದಲ್ಲಿ ಬಿಕಾಂ ಓದಿದವರಿದ್ದಾರೆ, ಮನಃಶಾಸ್ತ್ರ ಓದಿದವರಿದ್ದಾರೆ, ಭಾಷಾ ವಿದ್ಯಾರ್ಥಿಯೊಬ್ಬರು ಎಚ್ಚರಿಕೆಯ ವಾಕ್ಯಗಳನ್ನಷ್ಟೇ ಬರೆಯುತ್ತಾರೆ. ‘ಸರ್‌ನೇಮ್’ ಖಾನೆಯನ್ನು ಕಡ್ಡಾಯ ಮಾಡಬಾರದು ಎಂದು ಸಭೆಯಲ್ಲಿ ಹೇಳಲು ಅಂಥ ಹೆಸರಿರುವವರು ಯಾರಾದರೂ ಆ ಕೋಣೆಯಲ್ಲಿ ಕುಳಿತಿರಬೇಕು. ನೀವು ಯಾವ ವಿಭಾಗದಲ್ಲೇ ಓದುತ್ತಿರಿ, ಆ ಕೋಣೆಗಳಿಗೆ ಬನ್ನಿ. ಅಲ್ಲಿ ನಿಮ್ಮ ಅಗತ್ಯವಿದೆ.